ಹೊಲದ ಬದುವಿನಲ್ಲಿ ಟ್ರ್ಯಾಪ್ ಕ್ಯಾಮೆರಾ ಕಟ್ಟುವುದು ಹೇಗೆ?

ಕೊಪ್ಪಳ, ಗಂಗಾವತಿ ಕಡೆ ಕಲ್ಲುಗುಡ್ಡದ ಅಂಚಿಗೆ ಹೊಲ ಇರುವವರು ಈಗೀಗ ಟ್ರ್ಯಾಪ್ ಕ್ಯಾಮೆರಾ, ಅಂದರೆ ಎದುರಿಗೆ ಪ್ರಾಣಿ ಸುಳಿದಾಗ ತಾನಾಗಿಯೇ ಫೋಟೊ ಹೊಡೆಯುವ ಕ್ಯಾಮೆರಾ, ಕೊಳ್ಳತೊಡಗಿದ್ದಾರೆ. ಒಳ್ಳೆಯದೇ. ಆದರೆ ಬಹಳ ಮಂದಿ ಅದನ್ನು ಎದೆಮಟ್ಟಕ್ಕೆ, ಪೂರ್ವಕ್ಕೆ ಮುಖ ಮಾಡಿ, ಜಾಲಿಯ ಟೊಂಗೆಗೆ ಬಿಗಿದು ಬರುತ್ತಾರೆ. ವಾರ ಬಿಟ್ಟು ಕಾರ್ಡ್ ತೆಗೆದು ನೋಡಿದರೆ ಸಾವಿರಾರು ಫೋಟೊ, ಎಲ್ಲದರಲ್ಲೂ ಬಿಸಿಲು ಮತ್ತು ತೂಗಾಡುವ ಎಲೆ. ಒಂದು ಮೊಲವೂ ಇರುವುದಿಲ್ಲ. ಆಗ ಕ್ಯಾಮೆರಾವನ್ನು ಬೈದು ಅಟ್ಟಕ್ಕೆ ಹಾಕುತ್ತಾರೆ. ತಪ್ಪು ಇರುವುದು ಕಟ್ಟಿದ ರೀತಿಯಲ್ಲಿ.

ಡಿಸೆಂಬರ್, ಜನವರಿ ಇದಕ್ಕೆ ಹೇಳಿಮಾಡಿಸಿದ ಕಾಲ. ಕ್ಯಾಮೆರಾದೊಳಗಿನ ಪಿಐಆರ್ ಸೆನ್ಸರ್‌ಗೆ ಕರಡಿ, ನರಿ ಎಂಬ ಭೇದ ತಿಳಿಯದು. ಹಿಂದಿನ ನೆಲಕ್ಕಿಂತ ಬೇರೆ ಬಿಸಿಯ ಏನಾದರೂ ಎದುರಿಗೆ ಸರಿದಾಡಿದರೆ ಅದು ಎಚ್ಚರಗೊಳ್ಳುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಬಂಡೆಗಳು ಕತ್ತಲಾದ ಮೇಲೂ ಕಾದೇ ಇರುತ್ತವೆ. ಪ್ರಾಣಿಯ ಮೈಬಿಸಿಗೂ ಬಂಡೆಯ ಬಿಸಿಗೂ ಅಂತರ ಕಡಿಮೆಯಾಗಿ ಸೆನ್ಸರ್ ಸುಮ್ಮನಿದ್ದುಬಿಡುತ್ತದೆ. ಚಳಿಗಾಲದಲ್ಲಿ ಕಲ್ಲು ತಣ್ಣಗಾಗುತ್ತದೆ, ರಾತ್ರಿಯೂ ಉದ್ದ. ಬಾರಿಹಣ್ಣು ಉದುರುವ, ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಸಮಯವಾದ್ದರಿಂದ ಕರಡಿ, ಕಾಡುಹಂದಿ ತಾವಾಗಿಯೇ ಗುಡ್ಡ ಇಳಿಯುತ್ತವೆ.

ಕೊಳ್ಳುವಾಗ ಮೆಗಾಪಿಕ್ಸೆಲ್‌ಗೆ ಮರುಳಾಗಬೇಡಿ. ಡಬ್ಬಿಯ ಮೇಲೆ 48 ಎಂದು ದೊಡ್ಡದಾಗಿ ಬರೆದ ಎಷ್ಟೋ ಅಗ್ಗದ ಕ್ಯಾಮೆರಾಗಳಲ್ಲಿ ಚಿಕ್ಕ ಚಿತ್ರವನ್ನೇ ಸಾಫ್ಟ್‌ವೇರ್ ಹಿಗ್ಗಿಸಿ ಕೊಡುತ್ತದೆ. ಅರ್ಧ ಸೆಕೆಂಡಿನೊಳಗೆ ಫೋಟೊ ಹೊಡೆಯುತ್ತದೆಯೇ ಕೇಳಿ. ರಾತ್ರಿ ಫೋಟೊಗೆ ಕ್ಯಾಮೆರಾ ಬೀರುವ ಇನ್‌ಫ್ರಾರೆಡ್ ಬೆಳಕು 940 ನ್ಯಾನೊಮೀಟರ್‌ನದೇ ಇರಲಿ. 850ರದ್ದು ರಾತ್ರಿ ಇನ್ನಷ್ಟು ದೂರ ಬೆಳಗುವುದು ನಿಜ, ಆದರೆ ಮಂಕಾದ ಕೆಂಪು ಬೆಳಕು ಹೊರಗೆ ಕಾಣುತ್ತದೆ. ಕ್ಯಾಮೆರಾ ಎಲ್ಲಿದೆ ಎಂದು ಕಳ್ಳನಿಗೂ ತೋರಿಸುತ್ತದೆ. ಸೆಲ್ ಲಿಥಿಯಂನದು ಹಾಕಿ. ಗಡಿಯಾರದ ಅಗ್ಗದ ಸೆಲ್ ಹಾಕಿದರೆ ಹಗಲು ಫೋಟೊ ಬರುತ್ತದೆ, ರಾತ್ರಿ ದೀಪ ಎಳೆಯುವ ಹೊತ್ತಿಗೆ ಕೈಕೊಡುತ್ತದೆ.

ಕಟ್ಟುವುದು ನಿಮ್ಮ ಹೊಲ, ತೋಟ, ಹಿತ್ತಲಲ್ಲಿ ಮಾತ್ರ. ಮೀಸಲು ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕು. ಬಂಕಾಪುರದ ತೋಳಧಾಮ, ದರೋಜಿಯ ಕರಡಿಧಾಮದಂಥ ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಅಡ್ಡ ಬರುತ್ತದೆ. ಹೆಣ್ಣುಮಕ್ಕಳು ಬೆಳಗಿನ ಜಾವ ಓಡಾಡುವ ಕಾಲುದಾರಿಗೆ ಕ್ಯಾಮೆರಾ ಬೇಡವೇ ಬೇಡ. ಪಕ್ಕದ ಹೊಲದವರಿಗೆ ಮೊದಲೇ ಹೇಳಿಬಿಡಿ, ಗೊತ್ತಿದ್ದವರು ಕಾಯುತ್ತಾರೆ.

ಜಾಗ ಹುಡುಕುವುದು ಸುಲಭ. ಹಳ್ಳದ ಮರಳಿನ ಮೇಲೆ ಹೆಜ್ಜೆ, ಬಾರಿಬೀಜ ತುಂಬಿದ ಕರಡಿ ಲದ್ದಿ, ಬೇಲಿಯ ಕೆಳಗೆ ನುಸುಳಿ ನುಸುಳಿ ನುಣುಪಾದ ಸಂದು, ಬಿದ್ದ ಮುಳ್ಳುಹಂದಿಯ ಮುಳ್ಳು: ಇವುಗಳಲ್ಲಿ ಒಂದು ಕಂಡರೂ ಸಾಕು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ಕ್ಯಾಮೆರಾ ಮೊಣಕಾಲು ಮಟ್ಟದಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿರಲಿ. ಪ್ರಾಣಿ ನಡೆಯುವ ದಾರಿಗೆ ಹತ್ತು ಹನ್ನೆರಡು ಅಡಿ ದೂರ ಇರಬೇಕು. ದಾರಿಯ ಉದ್ದಕ್ಕೆ ನೇರವಾಗಿ ನೋಡುವಂತೆ ಇಟ್ಟರೆ ಎದುರಿಗೆ ಬರುವ ಪ್ರಾಣಿಯನ್ನು ಸೆನ್ಸರ್ ತಡವಾಗಿ ಹಿಡಿಯುತ್ತದೆ, ಅದಕ್ಕೆ ಅಡ್ಡಡ್ಡ ಸರಿಯುವುದು ಬೇಗ ತಿಳಿಯುತ್ತದೆ. ಹಾಗೆಂದು ಪೂರ್ತಿ ಅಡ್ಡ ಇಟ್ಟರೆ ಫೋಟೊ ಬೀಳುವಷ್ಟರಲ್ಲಿ ಬಾಲ ಮಾತ್ರ ಉಳಿದಿರುತ್ತದೆ. ದಾರಿಗೆ ಓರೆಯಾಗಿ, ಸುಮಾರು 45 ಡಿಗ್ರಿಗೆ ನಿಲ್ಲಿಸಿ. ಮುಖ ಉತ್ತರದ ಕಡೆಗಿರಲಿ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ಹೋಗುವುದರಿಂದ ಲೆನ್ಸಿಗೆ ನೇರ ಬಿಸಿಲು ತಾಗುವುದಿಲ್ಲ. ದಾರಿ ಯಾವ ದಿಕ್ಕಿಗೆ ಹೋಗಿದ್ದರೂ ಈಶಾನ್ಯ, ವಾಯವ್ಯದ ನಡುವೆ ಎಲ್ಲೋ ಒಂದು ಕಡೆ ಈ ಓರೆ ಸಿಕ್ಕೇ ಸಿಗುತ್ತದೆ.

ನೆಟ್ಟಗಿನ ಮರ ನಮ್ಮ ಗುಡ್ಡದಂಚಿನಲ್ಲಿ ಅಪರೂಪ. ಬಳ್ಳಾರಿ ಜಾಲಿಗೆ ಮಾತ್ರ ಕಟ್ಟಬೇಡಿ. ಗಾಳಿಗೆ ಕಾಂಡ ತೂಗಿದರೆ ಕ್ಯಾಮೆರಾ ತೂಗುತ್ತದೆ, ಆಗ ಎದುರಿನ ಬಯಲೆಲ್ಲ ಅಲ್ಲಾಡಿದಂತೆ ಸೆನ್ಸರ್‌ಗೆ ತೋರುತ್ತದೆ. ಬೇಲಿಯ ಕಲ್ಲುಕಂಬ ನನ್ನ ಮೊದಲ ಆಯ್ಕೆ. ಅದಿಲ್ಲದಿದ್ದರೆ ಕಬ್ಬಿಣದ ಗೂಟ ಬಡಿಯಿರಿ. ಬಂಡೆ ಸಂದಿಯಲ್ಲಿ ಇಡುವುದಾದರೆ ಕ್ಯಾಮೆರಾದ ಮೂತಿ ಕಲ್ಲಿನ ಅಂಚಿಗೆ ಸಮನಾಗಿ ಬರಬೇಕು. ನಾಲ್ಕು ಬೆರಳು ಒಳಗೆ ಸರಿದರೂ ರಾತ್ರಿ ಇನ್‌ಫ್ರಾರೆಡ್ ಆ ಅಂಚಿಗೇ ಬಡಿದು ವಾಪಸು ಬರುತ್ತದೆ. ಚೌಕಟ್ಟಿನ ಒಂದು ಪಕ್ಕ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ, ಅದರಾಚೆ ನಿಂತ ಕರಡಿ ಬರೀ ಕತ್ತಲು. ಎದುರಿನ ಹುಲ್ಲನ್ನು ಬುಡಸಮೇತ ಕೊಯ್ಯಿರಿ, ಒಂದು ಎಸಳೂ ಉಳಿಯಬಾರದು.

ಇಷ್ಟಾದ ಮೇಲೆ ಕ್ಯಾಮೆರಾವನ್ನು ಟೆಸ್ಟ್ ಮೋಡ್‌ಗೆ ಹಾಕಿ ದಾರಿಯುದ್ದಕ್ಕೂ ಅಂಬೆಗಾಲಿಟ್ಟು ಹೋಗಿ. ನೀವು ಚೌಕಟ್ಟಿನ ನಡುವೆ ಬರುವ ಮೊದಲೇ ದೀಪ ಮಿನುಗಬೇಕು. ನೆಟ್ಟಗೆ ನಡೆದು ನೋಡಿದರೆ ಮುಂಗುಸಿ, ಕಾಡುಬೆಕ್ಕಿನ ಎತ್ತರಕ್ಕೆ ಸೆನ್ಸರ್ ಹೊಂದಿದೆಯೇ ಎಂಬುದು ತಿಳಿಯುವುದಿಲ್ಲ.

ಸೆಟ್ಟಿಂಗ್: ಮೂರು ಫೋಟೊ ಒಟ್ಟಿಗೆ, ನಡುವೆ ಹತ್ತು ಸೆಕೆಂಡ್ ಬಿಡುವು, ತಾರೀಖು, ಸಮಯ ಸರಿ. ವಿಡಿಯೊ ಬೇಡ, ಸೆಲ್ ತಿನ್ನುತ್ತದೆ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಬೆಲ್ಲ, ಕೋಳಿ ತ್ಯಾಜ್ಯ ಇಟ್ಟು ಕರೆಯುವ ಅಡ್ಡದಾರಿಯನ್ನು ಯಾರೇ ಹೇಳಿಕೊಟ್ಟರೂ ಒಪ್ಪಬೇಡಿ. ರುಚಿ ಹತ್ತಿದ ಕರಡಿ ನಾಳೆ ಮತ್ತೆ ಬರುತ್ತದೆ. ಎದುರಾಗುವುದು ಬೆಳಿಗ್ಗೆ ಕಡಲೆ ಹೊಲಕ್ಕೆ ಹೋದ ಹೆಣ್ಣುಮಗಳಿಗೆ.

ಎರಡು ವಾರಕ್ಕೊಮ್ಮೆ, ಬಿಸಿಲೇರಿದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಕಾರ್ಡ್ ಬದಲಿಸಿ. ಲೆನ್ಸಿನ ಮೇಲೆ ಇಬ್ಬನಿಯ ಕಲೆ ಇದ್ದರೆ ಒಣ ಹತ್ತಿಬಟ್ಟೆಯಿಂದ ಒರೆಸಿ. ಸೆಲ್ ಡಬ್ಬಿಯೊಳಗೆ ಇರುವೆ ಸೇರಿರುತ್ತದೆ, ಕೊಡವಿ ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯೇ ನೋಡಿ.

ಊರ ಹತ್ತಿರ ಫೋಟೊದಲ್ಲಿ ಚಿರತೆ ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ವಾಟ್ಸಾಪ್‌ಗೆ ಫೋಟೊ ಹಾಕುವುದಾದರೆ ಹೊಲದ ಹೆಸರು, ಗುಡ್ಡದ ಹೆಸರು ಬೇಡ. ಚಿಪ್ಪುಹಂದಿ ಬಂದಿದ್ದರಂತೂ ಆ ಫೋಟೊ ನಿಮ್ಮಲ್ಲೇ ಇರಲಿ, ಅದರ ಚಿಪ್ಪಿಗೆ ಬೆಲೆ ಕಟ್ಟುವವರಿದ್ದಾರೆ.