ಕರೆಂಟ್ ಹೋದಾಗ ಸಿಗುವ ಸ್ಟೇಷನ್‌ಗಳು

ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ರಾತ್ರಿ ಕರೆಂಟ್ ಹೋದರೆ ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಮಾತ್ರ ರೇಡಿಯೋ ಎತ್ತಿಕೊಂಡು ಜಗಲಿಗೆ ಓಡುತ್ತೇನೆ. ದೂರದ ದೇಶಗಳ ಸ್ಟೇಷನ್ ಬರುವ ಶಾರ್ಟ್‌ವೇವ್ ಕೇಳೋದಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ರೇಡಿಯೋ ನಮ್ಮ ದೊಡ್ಡಪ್ಪಂದು. ಫಿಲಿಪ್ಸ್ ಟ್ರಾನ್ಸಿಸ್ಟರ್, ಚರ್ಮದ ಕವರ್ ಇರೋದು. ಅವರು ಹೋದ ಮೇಲೆ ಅಟ್ಟ ಸೇರಿತ್ತು. ಐದು ವರ್ಷದ ಹಿಂದೆ ಸುಣ್ಣ ಬಳಿಸುವಾಗ ಕೆಳಗಿಳಿಸಿದೆವು. ಜೊತೆಗೆ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಮಾಡಿಸಿದ ಲೈಸೆನ್ಸ್ ಪುಸ್ತಕವೂ ಇತ್ತು. ಆಗ ರೇಡಿಯೋ ಇಟ್ಟುಕೊಳ್ಳೋದಕ್ಕೂ ಲೈಸೆನ್ಸ್ ಬೇಕಿತ್ತಲ್ವಾ. ಒಳಗೆ ಬಿಟ್ಟಿದ್ದ ಸೆಲ್ಲುಗಳು ನೀರು ಬಿಟ್ಟು ಸ್ಪ್ರಿಂಗೆಲ್ಲ ಹಸಿರುಗಟ್ಟಿದ್ದವು. ಮರಳು ಕಾಗದದಿಂದ ಉಜ್ಜಿ ಹೊಸ ಸೆಲ್ಲು ಹಾಕಿದೆ. ಗೊರಗೊರ ಅಂತ ಸದ್ದು ಬಂತು, ಸ್ಟೇಷನ್ ಒಂದೂ ಬರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸವನ್ನು ಯಾರೂ ಮಾಡಬೇಡಿ. ಒಳಗೆ ಚೌಕ ಚೌಕದ ತಗಡಿನ ಡಬ್ಬಿಗಳಿರುತ್ತವೆ, ಅವುಗಳಲ್ಲಿ ಕಾಯಿಲ್ ಅನ್ನೋ ತಂತಿ ಸುರುಳಿ. ಡಬ್ಬಿಗಳ ನೆತ್ತಿಯ ಮೇಲೆ ತಿರುಪಿನಂಥದ್ದು ಇರುತ್ತೆ. ಸಡಿಲ ಆಗಿದೆಯೇನೋ ಅಂತ ಎಲ್ಲವನ್ನೂ ತಿರುಗಿಸಿದೆ. ಇದ್ದ ಗೊರಗೊರವೂ ನಿಂತಿತು. ತುಮಕೂರಿನ ಮಂಡಿಪೇಟೆ ಹತ್ತಿರ ಹಳೇ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಬಿಚ್ಚಿ ನೋಡಿದ ಕೂಡಲೇ ಗೊತ್ತಾಯಿತು ಅವರಿಗೆ. ‘ಕಾಯಿಲ್‌ಗೆ ಕೈ ಹಾಕಿದೀಯಲ್ಲಪ್ಪ. ಕೆಟ್ಟಿರೋದು ಕಂಡೆನ್ಸರ್ರು, ಕಾಯಿಲ್ ಎಲ್ಲಿಗೂ ಹೋಗಿರಲ್ಲ’ ಅಂದರು. ಸಿಗ್ನಲ್ ಜನರೇಟರ್ ಇಟ್ಟು 455 ಕಿಲೋಹರ್ಟ್ಸ್‌ಗೆ ಒಂದೊಂದನ್ನೇ ಕೂಡಿಸಿದರು. ಯಾವ ಸ್ಟೇಷನ್ ಹಿಡಿದರೂ ರೇಡಿಯೋ ಒಳಗೆ ಅದನ್ನು ಆ ಒಂದೇ ಫ್ರೀಕ್ವೆನ್ಸಿಗೆ ತಂದು ಬಲಪಡಿಸುತ್ತೆ. ಡಬ್ಬಿಗಳೆಲ್ಲ ಅದಕ್ಕೆ ಸರಿಯಾಗಿ ಇರಲಿಲ್ಲ ಅಂದರೆ ಏನೂ ಕೇಳಿಸಲ್ಲ. ಮೂರು ಕಂಡೆನ್ಸರ್ ಬದಲಾಯಿಸಿದರು, ಬ್ಯಾಂಡ್ ಸ್ವಿಚ್‌ಗೆ ಕ್ಲೀನರ್ ಹೊಡೆದರು. ಮುಳ್ಳು ಎಳೆಯುವ ದಾರ ಜಾರುತ್ತಿತ್ತು, ಅದನ್ನೂ ಹೊಸದಾಗಿ ಸುತ್ತಿದರು. ಮಧ್ಯಾಹ್ನ ಪೂರ್ತಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನೋಡಿದೆ. ನಾನು ಕಲಿತದ್ದರಲ್ಲಿ ಅರ್ಧ ಅವತ್ತಿನದೇ.

ಮನೆಗೆ ತಂದರೆ ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಗಂಟೆ ಹೊಡೆದ ಹಾಗೆ ಬಂತು. ಶಾರ್ಟ್‌ವೇವ್‌ಗೆ ತಿರುಗಿಸಿದರೆ ಬರೀ ಜೊಂಯ್ ಅನ್ನೋ ಸದ್ದು. ಮತ್ತೆ ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಆ ಸದ್ದು ಒಂದೇ ಸಲಕ್ಕೆ ನಿಂತು, ಹಿಂದೆಯೇ ಯಾವುದೋ ಭಾಷೆಯಲ್ಲಿ ಹೆಂಗಸೊಬ್ಬರು ವಾರ್ತೆ ಓದುತ್ತಿರುವುದು ಕೇಳಿಸಿತು. ಮೈ ಜುಮ್ ಅಂದಿತು.

ಗಲಾಟೆ ರೇಡಿಯೋದ್ದಲ್ಲ, ಮನೆಯದ್ದು. ಕರೆಂಟ್ ಬಂದ ಮೇಲೆ ರೇಡಿಯೋ ಹಿಡಿದು ಮನೆಯೆಲ್ಲ ಸುತ್ತಿದೆ. ಎಲ್‌ಇಡಿ ಬಲ್ಬಿನ ಕೆಳಗೆ ಜೋರು, ಮೊಬೈಲ್ ಚಾರ್ಜರ್ ಹತ್ತಿರ ಇನ್ನೂ ಜೋರು. ಟಿವಿಯ ಸೆಟ್‌ಟಾಪ್ ಬಾಕ್ಸ್ ಆಫ್ ಮಾಡಿದ್ದರೂ ಕಿರುಚುತ್ತಿತ್ತು, ಪ್ಲಗ್ ಕಿತ್ತ ಮೇಲೇ ಸುಮ್ಮನಾಯಿತು. ಶಾರ್ಟ್‌ವೇವ್ ಸತ್ತೇ ಹೋಯಿತು ಅನ್ನುವವರಿಗೆ ನಾನು ಮೊದಲು ಹೇಳೋದು ಇದೇ: ಒಂದು ಸಲ ಮೇನ್ ಸ್ವಿಚ್ ಆಫ್ ಮಾಡಿ ಕೇಳಿ. ಸ್ಟೇಷನ್‌ಗಳು ಕಮ್ಮಿಯಾಗಿರುವುದು ನಿಜ. ಬಿಬಿಸಿ ಹಿಂದಿ ಕೂಡ 2020ರ ಜನವರಿ 31ಕ್ಕೆ ಶಾರ್ಟ್‌ವೇವ್ ನಿಲ್ಲಿಸಿತು. ಆದರೂ ಉಳಿದಿರುವುದು ಬಹಳ ಇದೆ.

ಏರಿಯಲ್‌ಗೆ ದುಡ್ಡು ಖರ್ಚಾಗಲಿಲ್ಲ. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಹಳೇ ತಾಮ್ರದ ತಂತಿ ಕೊಟ್ಟರು. ಹದಿನೈದು ಮೀಟರ್ ಉದ್ದ ಬಿಟ್ಟು, ಪ್ಲಾಸ್ಟಿಕ್ ಹಗ್ಗ ಕಟ್ಟಿ ಎರಡು ತೆಂಗಿನ ಮರಗಳ ನಡುವೆ ಎಳೆದೆ. ಒಂದು ಕೊನೆಯನ್ನು ಇಳಿಬಿಟ್ಟು, ಬ್ಲೇಡಿನಿಂದ ವಾರ್ನಿಷ್ ಕೆರೆದು ರೇಡಿಯೋದ ಏರಿಯಲ್ ಕಡ್ಡಿಗೆ ಸಿಕ್ಕಿಸಿದೆ. ಆದರೆ ಶಾರ್ಟ್‌ವೇವ್‌ನ ನಡುನಡುವೆ 612ರ ಆಕಾಶವಾಣಿ ತೂರಿ ಬರತೊಡಗಿತು. ಹಳೇ ಸೆಟ್‌ಗೆ ಅಷ್ಟು ಸಿಗ್ನಲ್ ಜಾಸ್ತಿಯೇ. ಕೆರೆದಿದ್ದನ್ನು ಕತ್ತರಿಸಿ ಹಾಕಿ, ವಾರ್ನಿಷ್ ಇರುವ ತಂತಿಯನ್ನೇ ಕಡ್ಡಿಗೆ ಐದು ಸುತ್ತು ಸುತ್ತಿದೆ. ಅಷ್ಟೇ ಸಾಕಾಯಿತು. ಗುಡುಗು ಶುರುವಾಗುವ ಮೊದಲೇ ತಂತಿ ಬಿಚ್ಚಿ ಹೊರಗೆ ಹಾಕುತ್ತೇನೆ. ಇದನ್ನು ಮಾತ್ರ ಮರೆಯಬಾರದು.

ಇಂಥ ಸೆಟ್‌ಗಳಲ್ಲಿ ಮುಳ್ಳು ಎಲ್ಲಿದೆ ಅಂತ ಸರಿಯಾಗಿ ತಿಳಿಯಲ್ಲ. ಒಂದು ಬೆರಳಗಲದಲ್ಲಿ ಹತ್ತಾರು ಸ್ಟೇಷನ್ ಕೂತಿರುತ್ತವೆ. ಹಳೇ ಡಯಲ್ ಮೇಲೆ ಅಲೆಯ ಉದ್ದದ ಮೀಟರ್ ಲೆಕ್ಕ ಇದ್ದರೆ, 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. 9.6 ಮೆಗಾಹರ್ಟ್ಸ್ ಅಂದರೆ ಸುಮಾರು 31 ಮೀಟರ್. ನನಗೆ ಗುರುತಿನ ಕಲ್ಲು 10 ಮೆಗಾಹರ್ಟ್ಸ್. ಚೀನಾದ ಬಿಪಿಎಂ ಅನ್ನೋ ಸಮಯ ಸಾರುವ ಸ್ಟೇಷನ್ ಅಲ್ಲಿ ಸೆಕೆಂಡಿಗೊಂದು ಟಿಕ್ ಕೊಡುತ್ತೆ. ಅದು ಸಿಕ್ಕಿದರೆ ಸ್ವಲ್ಪ ಕೆಳಗೇ 31 ಮೀಟರ್ ಬ್ಯಾಂಡ್ ಮುಗಿಯುತ್ತೆ ಅಂತ ಗೊತ್ತಾಗುತ್ತೆ. ಪಕ್ಕದ ತೋಟದವರು ಹಂದಿಗೆ ಹಾಕಿಸಿದ ಝಟಕಾ ಬೇಲಿಯೂ ಹೆಚ್ಚುಕಮ್ಮಿ ಹಾಗೇ ಟಕ್ ಟಕ್ ಅನ್ನುತ್ತೆ. ವಾರಗಟ್ಟಲೆ ಎರಡೂ ಕಲಸಿಹೋಗುತ್ತಿತ್ತು. ಈಗ ಗೊತ್ತು: ಬೇಲಿ ಡಯಲ್ ಪೂರ್ತಿ ಕೇಳುತ್ತೆ, ಬಿಪಿಎಂ ಒಂದೇ ಜಾಗದಲ್ಲಿ.

ಕತ್ತಲಾದ ಮೇಲೆ 31, 41, 49 ಮೀಟರ್ ಕಡೆ ತಿರುಗಿಸುತ್ತೇನೆ. ಹಗಲು 19, 16ರ ಕಡೆ. ಸೂರ್ಯ ಮುಳುಗುವ ಹೊತ್ತು ನನಗೆ ಎಲ್ಲಕ್ಕಿಂತ ಇಷ್ಟ. ನೋಡನೋಡುತ್ತಲೇ ಒಂದು ದೂರದ ಸ್ಟೇಷನ್ ಮೇಲೆದ್ದು ಬಂದು, ಅಲೆ ಅಲೆಯಾಗಿ ತೇಲಿ, ಹಾಗೇ ಮುಳುಗಿಬಿಡುತ್ತೆ. ನೆಲದಿಂದ ನೂರಾರು ಕಿಲೋಮೀಟರ್ ಮೇಲಿನ ಅಯಾನುಮಂಡಲ ಅನ್ನೋ ಪದರಕ್ಕೆ ಬಡಿದು ಬಂದ ದನಿ ನಮ್ಮ ತೆಂಗಿನ ಮರಕ್ಕೆ ಇಳಿಯುತ್ತೆ ಅನ್ನೋದು ಇವತ್ತಿಗೂ ನನಗೆ ಅಚ್ಚರಿ.

ರೇಡಿಯೋ ರೊಮೇನಿಯಾ ಸಿಕ್ಕಿದ ದಿನ ಪೂರ್ತಿ ವಿವರ ಬರೆದು ಕಳಿಸಿದೆ. ನಮ್ಮ ಗಂಟೆಯಿಂದ ಐದೂವರೆ ಕಳೆದು, ಎಲ್ಲ ದೇಶಕ್ಕೂ ಒಂದೇ ಆದ ಯುಟಿಸಿ ಸಮಯ, ಫ್ರೀಕ್ವೆನ್ಸಿ, ಏನು ಕೇಳಿದೆ ಅನ್ನೋದು ಎಲ್ಲ ಹಾಕಿದ್ದೆ. ತಿಂಗಳುಗಳಾದ ಮೇಲೆ, ನೀವು ಕೇಳಿದ್ದು ನಮ್ಮ ಸ್ಟೇಷನ್ನೇ ಅಂತ ಖಚಿತಪಡಿಸುವ ಕ್ಯೂಎಸ್‌ಎಲ್ ಕಾರ್ಡ್ ಬಂತು. ಅದನ್ನು ದೊಡ್ಡಪ್ಪನ ಲೈಸೆನ್ಸ್ ಪುಸ್ತಕದಲ್ಲೇ ಇಟ್ಟಿದ್ದೇನೆ.

ಈಗ ಯಾರ ಮನೆಗೆ ಹೋದರೂ ಕಣ್ಣು ಮೊದಲು ಗೋಡೆಗೂಡಿನ ಮೇಲೆ ಹೋಗುತ್ತೆ. ತುರುವೇಕೆರೆಯ ಒಂದು ಕಟಿಂಗ್ ಶಾಪ್‌ನಲ್ಲಿ ಕನ್ನಡಿ ಮೇಲೆ ಮರದ ಪೆಟ್ಟಿಗೆಯ ಮರ್ಫಿ ವಾಲ್ವ್ ರೇಡಿಯೋ ಕೂತಿದೆ. ‘ಕೊಡಲ್ಲ ಸ್ವಾಮಿ, ನಮ್ಮಪ್ಪಂದು’ ಅಂದರು ಅಂಗಡಿಯವರು. ಕೊಡೋದು ಬೇಡ, ಒಂದು ಸಲ ಹಾಡಿಸೋಣ ಅಂದೆ. ಇಷ್ಟು ವರ್ಷ ಬಿಟ್ಟು ನೇರವಾಗಿ ಪ್ಲಗ್ ಹಾಕಿದರೆ ಹಳೇ ಕಂಡೆನ್ಸರ್ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ಮೊದಲು ಕಂಡೆನ್ಸರ್ ನೋಡಬೇಕು. ಆಮೇಲೂ ಸೀರೀಸ್‌ನಲ್ಲಿ, ಅಂದರೆ ರೇಡಿಯೋಗೆ ಕರೆಂಟ್ ಹೋಗುವ ದಾರಿಯಲ್ಲೇ, 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಕೊಟ್ಟು, ಅದು ಎಷ್ಟು ಉರಿಯುತ್ತೆ ಅಂತ ನೋಡಿಕೊಂಡೇ ಮುಂದುವರಿಯಬೇಕು. ಮಂಗಳವಾರ ಅಂಗಡಿ ರಜ, ಅವತ್ತು ಬನ್ನಿ ಅಂದಿದ್ದಾರೆ. ಮಂಡಿಪೇಟೆಯ ಹಿರಿಯರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.