ಮಗ್ಗದ ಕಟ್ಟಿಗೆ ಉರುವಲಲ್ಲ: ನವನಗರದ ಮನೆ ಸಿಂಗರಿಸಿದ ನನ್ನ ಅನುಭವ

ಮೊದಲು ದುಡ್ಡಿನ ಮಾತು. ಅಜ್ಜನ ಹಳೆಯ ಮಗ್ಗದ ಭಾಗಗಳನ್ನು ಬಳಸಿ ಮನೆ ಸಿಂಗರಿಸಿದ್ದಕ್ಕೆ ಹಾಲ್, ಊಟದ ಜಾಗ, ದೇವರ ಮೂಲೆ ಮೂರೂ ಸೇರಿ ನನಗೆ 35 ಸಾವಿರದ ಆಸುಪಾಸು ಬಿತ್ತು. ಇದೇ ಜಾಗಕ್ಕೆ ಇಂಟೀರಿಯರ್‌ನವರೊಬ್ಬರು ಎರಡೂವರೆ ಲಕ್ಷದ ಕೊಟೇಶನ್ ಕೊಟ್ಟಿದ್ದರು. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಫಾಲ್ಸ್ ಸೀಲಿಂಗಿಗೇ. ಅವರು ತೋರಿಸಿದ ಚಿತ್ರದಲ್ಲಿದ್ದ ಮನೆ ಯಾರದ್ದು ಬೇಕಾದರೂ ಆಗಬಹುದಿತ್ತು. ನಮ್ಮದು ಅನ್ನೋ ಗುರುತು ಒಂದೂ ಇರಲಿಲ್ಲ.

ನಾವು ಪಟ್ಟೇಗಾರರು, ನೇಯ್ಗೆಯ ಸಮುದಾಯದವರು. ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಅಂದರೆ ಹುಬ್ಬಳ್ಳಿಯವರಿಗೆ ಗೊತ್ತು. ನಮ್ಮನ್ನು ಸಾವಜಿ ಅಂತಲೂ ಕರೆಯುತ್ತಾರೆ; ಸಾವಜಿ ಅಂದರೆ ಎಲ್ಲರಿಗೂ ಊಟವೇ ನೆನಪಾಗುತ್ತೆ, ನೇಯ್ಗೆ ನೆನಪಾಗೋದು ಕಡಿಮೆ. ಮಧ್ಯಪ್ರದೇಶದ ಮಾಂಡವಗಡದ (ಮಾಂಡು) ಕಡೆಯಿಂದ ಗುಜರಾತ, ಮಹಾರಾಷ್ಟ್ರ ದಾಟಿ ಬಂದವರು ನಾವು ಅಂತ ಹಿರಿಯರು ಹೇಳುತ್ತಾರೆ. ಗುಜರಾತಿ, ಮರಾಠಿಗೆ ಹತ್ತಿರದ ನಮ್ಮ ಮಾತು ಮನೆಯೊಳಗೆ ಇನ್ನೂ ಇದೆ. ಅಜ್ಜ ಗದಗದ ಪಕ್ಕದ ಬೆಟಗೇರಿಯಲ್ಲಿ ಕುಣಿಮಗ್ಗದ (ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ) ಮೇಲೆ ಸೀರೆ ನೇಯುತ್ತಿದ್ದರು. ಪವರ್‌ಲೂಮ್ ಬಂದ ಮೇಲೆ ಆ ಮಗ್ಗ ನಿಂತಿತು. ಬಿಚ್ಚಿದ ಕಟ್ಟಿಗೆ ಅಟ್ಟದ ಮೇಲೆ ಬಿದ್ದಿತ್ತು. ಕಾಕಾ ಅದನ್ನು ಗುಜರಿಗೆ ಹಾಕುವವರಿದ್ದರು.

ನಾನು ತರುತ್ತೇನೆ ಅಂದಾಗ ಬಡಿಗ ನೋಡಿ "ಇದು ಉರುವಲು" ಅಂದ. ಆ ಮಾತು ನನಗೆ ತಟ್ಟಲಿಲ್ಲ. ಅತ್ತೆಯ ಮಾತು ತಟ್ಟಿತು. "ಆ ಕುಣಿಯಿಂದ ಎದ್ದು ಬರಲಿಕ್ಕೆ ಎರಡು ತಲೆಮಾರು ಬೇಕಾಯಿತು. ನೀನು ಅದನ್ನೇ ತಂದು ಗೋಡೆಗೆ ಹಚ್ಚತೀಯಾ?" ಅಂದರು. ನೇಕಾರರ ಮನೆಯವರಿಗೆ ಮಗ್ಗ ಅಂದರೆ ಸಾಲವೂ ನೆನಪಾಗುತ್ತೆ. ಅದಕ್ಕೇ ನಾನೊಂದು ನಿಯಮ ಮಾಡಿಕೊಂಡೆ. ಯಾವ ಭಾಗವೂ ಸುಮ್ನೆ ಶೋಕಿಗೆ ತೂಗಬಾರದು, ಪ್ರತಿಯೊಂದಕ್ಕೂ ಮನೆಯಲ್ಲಿ ಒಂದು ಕೆಲಸ ಇರಬೇಕು. ಇನ್ನೊಂದು ನಿಯಮ ಅತ್ತೆಯದ್ದು: ಖಂಡೇ ಪೂಜೆಯ (ದಸರೆಯ ಆಯುಧ ಪೂಜೆ) ದಿನ ಕುಂಕುಮ ಹಚ್ಚಿದ ಕಟ್ಟಿಗೆ, ಕಾಲಿಗೆ ತಾಗಬಾರದು. ಹಾಗಾಗಿ ಬೆಂಚು, ಕಾಲುಮಣೆ ಎಲ್ಲ ಬಿಟ್ಟೆ. ಸೊಂಟದಿಂದ ಮೇಲೆ ಮಾತ್ರ.

ಕಟ್ಟಿಗೆಗೆ ಹುಳ ಹಿಡಿದಿತ್ತು. ತಟ್ಟಿದರೆ ಹಿಟ್ಟು ಉದುರುತ್ತಿತ್ತು. ಎಲ್ಲರೂ ಹೇಳುವಂತೆ ಸೀಮೆಎಣ್ಣೆ ಹೊಡೆದೆ. ವಾಸನೆ ತಿಂಗಳಾದರೂ ಹೋಗಲಿಲ್ಲ, ಒಂದಷ್ಟು ದಿನದಲ್ಲಿ ಹಿಟ್ಟು ಮತ್ತೆ ಶುರು. ಕೆಲಸ ಮಾಡಿದ್ದು ಬೋರಾಕ್ಸ್ ಮತ್ತು ಬೋರಿಕ್ ಪೌಡರ್. ಎರಡನ್ನೂ ಬಿಸಿನೀರಿನಲ್ಲಿ ಕರಗಿಸಿ ಬ್ರಶ್‌ನಲ್ಲಿ ಕುಡಿಸಿದೆ, ತೂತುಗಳಿಗೆ ಸಿರಿಂಜ್ ಹಾಕಿದೆ. ಒಣಗಿದ ಮೇಲೆ ಮತ್ತೆ, ಮತ್ತೆ. ಬರೀ ಕಟ್ಟಿಗೆ ಇದ್ದಾಗಲೇ ಇದು ಒಳಗೆ ಇಳಿಯುತ್ತೆ. ಪಾಲಿಶ್ ಆದ ಮೇಲೆ ಹಚ್ಚಿದರೆ ವ್ಯರ್ಥ. ಖರ್ಚು ಐದುನೂರೋ ಆರುನೂರೋ. ಎರಡು ಮಳೆಗಾಲ ಕಳೆದಿದೆ, ಚಿಟಿಕೆ ಹಿಟ್ಟೂ ಉದುರಿಲ್ಲ.

ನೇಕಾರನ ಎದುರಿಗೆ ಬಟ್ಟೆ ಸುತ್ತುವ ದಿಂಡು ಇರುತ್ತೆ ಅಲ್ವಾ, ಅದರ ನಟ್ಟನಡುವೆ ಒಂದು ಮೊಳದಷ್ಟು ಜಾಗ ಅಜ್ಜನ ಕೈ ಉಜ್ಜಿ ಉಜ್ಜಿ ಕನ್ನಡಿಯಂತಾಗಿದೆ. ಎರಡೂ ತುದಿ ಒರಟು, ಕಪ್ಪು. ನಡುವೆ ಜೇನಿನ ಬಣ್ಣ. ಬೆರಳಾಡಿಸಿದರೆ ತುಸು ತಗ್ಗು ಸಿಗುತ್ತೆ. ಬಡಿಗ ಅದಕ್ಕೆ ರಂದಾ ಹೊಡೆಯಲು ಹೊರಟಿದ್ದ. ನಾನು ಬಿಡಲಿಲ್ಲ, ಸ್ಯಾಂಡ್‌ಪೇಪರ್ ಕೂಡ ಮುಟ್ಟಿಸಲಿಲ್ಲ. ಒದ್ದೆ ಅರಿವೆಯಲ್ಲಿ ಒರೆಸಿ ಅಗಸೆ ಎಣ್ಣೆ ಅಷ್ಟೇ. ಗಾಣದ ಹಸಿ ಎಣ್ಣೆ ಶ್ರಾವಣದ ಹವೆಯಲ್ಲಿ ಒಣಗಲೇ ಇಲ್ಲ, ಅಂಟಂಟಾಗಿ ಧೂಳು ಹಿಡಿಯಿತು. ಟರ್ಪೆಂಟೈನ್‌ನಲ್ಲಿ ಒರೆಸಿ ತೆಗೆದು, ಪೇಂಟ್ ಅಂಗಡಿಯ ಬಾಯಿಲ್ಡ್ ಎಣ್ಣೆಯನ್ನು ತೆಳ್ಳಗೆ ಹಚ್ಚಿದೆ. ಮರುದಿನಕ್ಕೆ ಗಟ್ಟಿ. ಎಣ್ಣೆ ಒರೆಸಿದ ಅರಿವೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ. ಕೊನೆಯ ಕೈಗೆ ನಾನು ಏನು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಈಗ ಆ ದಿಂಡಿನ ಮೇಲೆ ಗಾಜಿನ ಹಲಗೆ ಕೂತಿದೆ, ಅದೇ ದೇವರ ಮಾಡ. ಅಂಬಾಭವಾನಿಯ ಫೋಟೋ ಅಲ್ಲೇ.

ನೇಯುವಾಗ ನೂಲನ್ನು ಅತ್ತಿಂದಿತ್ತ ಒಯ್ಯುವ ಲಾಳಿಗಳು ಕಪಾಟಿನ ಹಿಡಿಕೆಯಾದವು. ಹಿಂದಿನಿಂದ ಎರಡು ಸ್ಕ್ರೂ, ಮುಗೀತು. ಮೊನಚು ತುದಿಯ ಕಬ್ಬಿಣ ಮಕ್ಕಳಿಗೆ ತಾಗುತ್ತೆ, ಅರದಿಂದ ಉಜ್ಜಿ ದುಂಡಗೆ ಮಾಡಿ. ನೂಲು ಸುತ್ತಿದ ಕಂಡಿಕಿ ಇಡುವ ತಗ್ಗಿನಲ್ಲಿ ಬೆರಳು ಸರಿಯಾಗಿ ಕೂರುತ್ತೆ. ಅಂಗಡಿಯ ಹಿತ್ತಾಳೆ ಹಿಡಿಕೆ ಒಂದಕ್ಕೆ ಮುನ್ನೂರರ ಮೇಲಿತ್ತು. ಬಾಚಣಿಗೆಯಂಥ ಸ್ಟೀಲ್ ಫಣಿಯೊಂದು ಬಾಗಿಲ ಪಕ್ಕ ಹೆಸ್ಕಾಂ ಕರೆಂಟ್ ಬಿಲ್ ಸಿಕ್ಕಿಸಲು.

ನನಗೆ ಹೆಮ್ಮೆ ಇರೋದು ದೀಪದ ಮೇಲೆ. ಮಗ್ಗದಲ್ಲಿ ಸೀರೆಯ ಚಿತ್ತಾರ ಮೂಡಿಸುವ ಜಕಾರ್ಡ್‌ನ ತೂತಿನ ರಟ್ಟುಗಳು ದಾರದಲ್ಲಿ ಪೋಣಿಸಿದ ಹಾಗೆಯೇ ಇದ್ದವು. ಅವನ್ನು ದುಂಡಗೆ ಸುತ್ತಿ ಊಟದ ಮೇಜಿನ ಮೇಲೆ ಇಳಿಬಿಟ್ಟೆ. ಹಳೆಯ ತಂತಿ ಬಲ್ಬು, 40 ವ್ಯಾಟ್, ರಟ್ಟನ್ನು ಕಂದು ಮಾಡಿ ಸೊಟ್ಟಗೆ ಬಾಗಿಸಿತು. ಹಾಲುಬಣ್ಣದ ಎಲ್‌ಇಡಿ ಹಾಕಿದರೆ ಬಿಸಿಯಿಲ್ಲ, ಆದರೆ ಗೋಡೆಯ ಮೇಲೆ ಬರೀ ಮಸುಕು ಬೆಳಕು. ಕೊನೆಗೆ ಪಾರದರ್ಶಕ ಗಾಜಿನ ಸಣ್ಣ ಎಲ್‌ಇಡಿ ಹಾಕಿದೆ, 4 ವ್ಯಾಟ್‌ನದ್ದು. ಬೆಳಕಿನ ಮೂಲ ಚಿಕ್ಕದಾದಷ್ಟೂ ಚುಕ್ಕೆ ಚೂಪು. ಈಗ ಸೀರೆಯ ದಡಿಗೆ ಬರೆದ ತೂತುಗಳೆಲ್ಲ ಸಂಜೆ ಗೋಡೆ ತುಂಬ ಬೀಳುತ್ತವೆ. ರಟ್ಟು ಜೋಲದ ಹಾಗೆ ಕಟ್ಟುವ ಗಂಟನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ಧಾರವಾಡದ ಒಂದಿಬ್ಬರು ಕೇಳಿದ್ದಾರೆ, ಮಾಡಿಕೊಟ್ಟು ನಾಲ್ಕು ಕಾಸು ಗಳಿಸುವ ಆಸೆ ನನಗೂ ಇದೆ.

ಪರದೆಗೆ ಅಜ್ಜಿಯ ಸೀರೆಗಳು. ಪಡುವಣ ಕಿಟಕಿಗೆ ರೇಷ್ಮೆ ಹಾಕಿದ್ದು ಒಂದೇ ಬೇಸಿಗೆಯಲ್ಲಿ ಮಡಿಕೆಗುಂಟ ಸೀಳಿತು. ನಮ್ಮ ಕಡೆಯ ಏಪ್ರಿಲ್ ಬಿಸಿಲು ರೇಷ್ಮೆಗೆ ಆಗಿಬರೋದಿಲ್ಲ. ಈಗ ಕಿಟಕಿಗೆ ನೂಲಿನ ಸೀರೆ, ಹಿಂದೆ ಮಾಂಜರಪಾಟದ (ಒರಟು ಹತ್ತಿ ಬಟ್ಟೆ) ಅಸ್ತರ. ಅಸ್ತರವನ್ನು ಮೊದಲೇ ನೆನೆಸಿ ಒಣಗಿಸಿ ಹೊಲಿಯಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಪರದೆ ನೆರಿಗೆ ಹಿಡಿಯುತ್ತೆ. ಹರಿದ ರೇಷ್ಮೆಯಿಂದ ಅತ್ತೆ ಕೌದಿ ಹೊಲಿದರು. ಕೆಲಸಕ್ಕೆ ಅವರು ಕೈ ಹಚ್ಚಿದ್ದು ಆಗಲೇ. ಆಮೇಲೆ ಯಾವ ಸೀರೆ ಯಾರ ಮದುವೆಗೆ ನೇಯ್ದದ್ದು ಅಂತ ಒಂದೊಂದಾಗಿ ಹೇಳುತ್ತ ಹೋದರು. ನಾನು ಬರೆದಿಟ್ಟುಕೊಂಡೆ.

ನಡುವೆ ಗೋಡೆಯ ಪ್ರಯೋಗವೂ ಆಯಿತು. ಬೆಟಗೇರಿ ಮನೆಯಂತೆ ಕೆಳಗೊಂದು ಕೆಮ್ಮಣ್ಣಿನ ಪಟ್ಟಿ ಬೇಕಿತ್ತು. ಎಮಲ್ಶನ್ ಪೇಂಟ್ ಮೇಲೆ ಸುಣ್ಣವಾಗಲಿ ಕೆಮ್ಮಣ್ಣಾಗಲಿ ನಿಲ್ಲಲ್ಲ, ಹಪ್ಪಳವಾಗಿ ಎದ್ದು ಬಂತು. ಪುಟ್ಟಿಯನ್ನೆಲ್ಲ ಕೆರೆದು ಗಿಲಾವು ಕಾಣುವವರೆಗೆ ಇಳಿಯಬೇಕಾಯಿತು. ಆಗ ಹಿಡಿಯಿತು, ಆದರೆ ಒರಗಿದವರ ಅಂಗಿಗೆಲ್ಲ ಕೆಂಪು. ಕೊನೆಗೆ ಒಡೆದ ಹಾಲಿನ ಗಿಣ್ಣವನ್ನು ಸುಣ್ಣದಲ್ಲಿ ಅರೆದು ಬೆರೆಸಿದೆ. ನಾಲ್ಕೈದು ದಿನ ಹುಳಿ ವಾಸನೆ, ಆಮೇಲೆ ಇಲ್ಲ. ಈಗ ಉಜ್ಜಿದರೂ ಕೈಗೆ ಬಣ್ಣ ಹತ್ತೋದಿಲ್ಲ. ಕೆರೆಯುವ ಕೂಲಿಯೇ ನಾಲ್ಕು ಸಾವಿರ ತಿಂದಿತು. ಒಂದು ಗೋಡೆಗಿಂತ ಜಾಸ್ತಿ ಮಾಡಲಿಕ್ಕೆ ನಾನು ಯಾರಿಗೂ ಹೇಳೋದಿಲ್ಲ.

ನಿಮ್ಮ ಮನೆಯಲ್ಲೇ ಮಗ್ಗ ಇಲ್ಲದಿದ್ದರೆ ಬೆಟಗೇರಿ, ಗುಳೇದಗುಡ್ಡದ ಗುಜರಿಗಳಲ್ಲಿ ಕೇಳಿ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಅಲಂಕಾರಕ್ಕೆ ಅಂದರೆ ರೇಟು ಮೂರು ಪಟ್ಟಾಗುತ್ತೆ, ಕಟ್ಟಿಗೆ ಬೇಕು ಅಂತಷ್ಟೇ ಹೇಳಿ. ಕಾಕಾನ ಮನೆಯಲ್ಲಿ ಹಾಸು (ಉದ್ದದ ನೂಲು) ಸುತ್ತುವ ದಿಂಡು ಇನ್ನೂ ಉಳಿದಿದೆ, ಅದು ನಮ್ಮ ಮಹಡಿ ಮೆಟ್ಟಿಲಿನ ಕೈಹಿಡಿಯಾಗಬೇಕು. ಮಳೆಗಾಲ ಮುಗಿದು ಕಟ್ಟಿಗೆ ಪೂರ್ತಿ ಒಣಗಿದ ಮೇಲೆ ದೀಪಾವಳಿ ಹೊತ್ತಿಗೆ ಶುರು ಮಾಡುತ್ತೇನೆ.