ಹಠಾತ್ ನೌಕಾದಾಳಿ ಗುರಿ ಮುಟ್ಟಿತೇ? ಅಳೆಯುವ ಕ್ರಮ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಭಾನುವಾರ ಬೆಳಿಗ್ಗೆ ಇತಿಹಾಸದ ವಿದ್ಯಾರ್ಥಿಗಳೊಂದಿಗೆ ಕುಳಿತು ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ನಡೆಸಿದ ದಾಳಿ ಗುರಿ ಮುಟ್ಟಿತೇ ಎಂಬ ಪ್ರಶ್ನೆಯನ್ನು ಎತ್ತಿದಾಗಲೆಲ್ಲ, ಅವರಲ್ಲಿ ಹೆಚ್ಚಿನವರು ಮುಳುಗಿದ ಹಡಗುಗಳನ್ನು ಎಣಿಸುವುದರಿಂದಲೇ ಉತ್ತರ ಆರಂಭಿಸುತ್ತಾರೆ. ಎಣಿಕೆ ಬೇಕೇ ಬೇಕು. ಆದರೆ ಅದರ ಸರದಿ ಆಮೇಲೆ.

ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಭಾಗದಲ್ಲಿ ದಾಳಿಕೋರರು ದಾಳಿಗೆ ಮುಂಚೆ ಏನನ್ನು ಬಯಸಿದ್ದರು ಎಂಬುದನ್ನಷ್ಟೇ ಬರೆದುಕೊಳ್ಳಿ. ಯುದ್ಧ ಮುಗಿದ ಮೇಲೆ ಹುಟ್ಟಿದ ಸಮರ್ಥನೆಗಳಿಗೆ ಅಲ್ಲಿ ಜಾಗವಿಲ್ಲ. ಜಪಾನಿನ ವಿಷಯದಲ್ಲಿ ಎರಡು ಸಾಲು ಬೇಕಾಗುತ್ತವೆ: ಮಲಯ ಮತ್ತು ಡಚ್ಚರ ವಶದಲ್ಲಿದ್ದ ತೈಲದ್ವೀಪಗಳನ್ನು ಹಿಡಿಯುವವರೆಗೆ ಅಮೆರಿಕದ ಪೆಸಿಫಿಕ್ ನೌಕಾಪಡೆ ಅಡ್ಡ ಬರಬಾರದು ಎಂಬುದು ಒಂದು; ಮೊದಲ ಏಟಿಗೇ ಅಮೆರಿಕನ್ನರ ಧೈರ್ಯ ಉಡುಗಬೇಕು ಎಂಬ, ದಾಳಿಯ ಯೋಜನೆ ಹಾಕಿದ ಜಪಾನೀ ನೌಕಾ ದಂಡನಾಯಕ ಯಮಾಮೊಟೊ ಅವರ ಆಸೆ ಇನ್ನೊಂದು. ಇವೆರಡನ್ನೂ ಕಲಸಿ ಒಂದೇ ತೀರ್ಪು ಕೊಡುವುದು, ನಾನು ಕಂಡಂತೆ, ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಈಗ ಬಲಭಾಗಕ್ಕೆ ಬನ್ನಿ; ನಿಜವಾಗಿ ಏನಾಯಿತೆಂಬುದು ಅಲ್ಲಿಗೆ. 1941ರ ಡಿಸೆಂಬರ್ 7ರಂದು ಆರು ವಿಮಾನವಾಹಕ ನೌಕೆಗಳಿಂದ ಹಾರಿದ 350ಕ್ಕೂ ಹೆಚ್ಚು ವಿಮಾನಗಳು ಬಂದರಿನಲ್ಲಿದ್ದ ಎಂಟೂ ಯುದ್ಧನೌಕೆಗಳಿಗೆ ಹಾನಿ ಮಾಡಿದವು. ಅವುಗಳಲ್ಲಿ ನಾಲ್ಕು ಮುಳುಗಿದವು. 2,403 ಮಂದಿ ಅಮೆರಿಕನ್ನರು ಸತ್ತರು. ಪ್ರತಿಯೊಂದು ಹಡಗಿನ ಹೆಸರಿನ ಮುಂದೆ ಅದು ಮರಳಿ ಕೆಲಸಕ್ಕೆ ಬಂದ ದಿನಾಂಕವನ್ನೂ ಬರೆಯಿರಿ, ಏಕೆಂದರೆ ಹಾನಿಯ ನಿಜವಾದ ಅಳತೆ ಕಾಲ. ಬಂದರಿನ ನೀರು ಆಳವಿಲ್ಲದ್ದರಿಂದ ವೆಸ್ಟ್ ವರ್ಜೀನಿಯಾ, ಕ್ಯಾಲಿಫೋರ್ನಿಯಾ ನೌಕೆಗಳನ್ನು ಕೆಸರಿನಿಂದ ಎತ್ತಿ ದುರಸ್ತಿ ಮಾಡಲಾಯಿತು, ಮತ್ತು 1944ರ ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸಿನ ಸುರಿಗಾವೊ ಜಲಸಂಧಿಯಲ್ಲಿ ಅದೇ ಎರಡು ನೌಕೆಗಳು ಜಪಾನೀ ಹಡಗುಗಳ ಮೇಲೆ ಗುಂಡು ಹಾರಿಸಿದವು. ಅರಿಜೋನಾ, ಒಕ್ಲಹಾಮಾ ಮತ್ತು ಆ ಎಂಟರಲ್ಲಿ ಸೇರದ, ಗುರಿ ಅಭ್ಯಾಸದ ಹಡಗಾಗಿದ್ದ ಯೂಟಾ ಮಾತ್ರ ಮರಳಿ ಸೇವೆಗೆ ಬರಲಿಲ್ಲ.

ಏಟು ತಾಗದೆ ಉಳಿದದ್ದನ್ನೂ ಬರೆಯಬೇಕು. ತೈಲದ ಟ್ಯಾಂಕುಗಳು, ದುರಸ್ತಿ ಕಟ್ಟೆಗಳು, ಜಲಾಂತರ್ಗಾಮಿ ನೆಲೆ ಉಳಿದವು; ವಿಮಾನವಾಹಕ ನೌಕೆಗಳು ಅಂದು ಬಂದರಿನಲ್ಲೇ ಇರಲಿಲ್ಲ.

ಕಷ್ಟದ ಪ್ರಶ್ನೆ ಇನ್ನೊಂದಿದೆ: ದಾಳಿ ನಡೆಯದಿದ್ದರೆ ಏನಾಗುತ್ತಿತ್ತು? 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದದ್ದರಿಂದ ಎಡಭಾಗದ ಮೊದಲ ಸಾಲು ಈಡೇರಿತೆಂದು ತೋರುತ್ತದೆ. ಆದರೆ ಸಾಗರ ದಾಟಿ ಕಾದಾಡಲು ಬೇಕಾದಷ್ಟು ತೈಲಹಡಗುಗಳು ಅಮೆರಿಕದ ಪಡೆಯ ಬಳಿ ಆಗ ಇರಲಿಲ್ಲವಾದ್ದರಿಂದ, ಆ ಪಡೆ ಹೇಗೂ ಬೇಗ ಬರಲಾಗುತ್ತಿರಲಿಲ್ಲ ಎಂಬ ವಾದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಎರಡನೆಯ ಸಾಲಂತೂ ಪೂರ್ತಿ ತಿರುಗುಬಾಣವಾಯಿತು.

ನಮ್ಮದೇ ನೌಕಾಪಡೆಯ ಕರಾಚಿ ದಾಳಿಗೂ ಇದೇ ಹಾಳೆ ಬಳಸಿ, ಅಭಿಮಾನ ಎಷ್ಟೇ ಇದ್ದರೂ. 1971ರ ಡಿಸೆಂಬರ್ 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ನೌಕೆಯನ್ನೂ ಮುಹಾಫಿಜ್ ಎಂಬ, ಕಡಲಲ್ಲಿ ಹುದುಗಿಸಿದ ಸ್ಫೋಟಕಗಳನ್ನು (ಮೈನ್) ತೆರವು ಮಾಡುವ ಹಡಗನ್ನೂ ಮುಳುಗಿಸಿ ಒಂದೂ ನಷ್ಟವಿಲ್ಲದೆ ಮರಳಿದವು. ಕರಾಚಿ ಬಂದರಿನ ಕೀಮಾರಿಯ ತೈಲಾಗಾರಗಳ ಬೆಂಕಿಯಲ್ಲಿ ವಾಯುಪಡೆಯ ಪಾಲೂ ಇದ್ದುದರಿಂದ ಅದನ್ನು ಬೇರೆಯಾಗಿ ನಮೂದಿಸಿ. ಎದುರಾಳಿಯ ಹಡಗುಗಳು ಬಂದರು ಸೇರಿಕೊಂಡದ್ದು ನಿಜ, ಆದರೆ ಜಲಾಂತರ್ಗಾಮಿಗಳು ಹೊರಗೇ ಇದ್ದವು: ಡಿಸೆಂಬರ್ 9ರಂದು ಅವುಗಳಲ್ಲೊಂದಾದ ಹಂಗೋರ್ ನಮ್ಮ ಖುಕ್ರಿ ಹಡಗನ್ನು ಮುಳುಗಿಸಿದಾಗ 18 ಅಧಿಕಾರಿಗಳೂ 176 ನಾವಿಕರೂ ಪ್ರಾಣ ಕಳೆದುಕೊಂಡರು. ಬಲಭಾಗದಲ್ಲಿ ಆ ಸಾಲೂ ಇರಬೇಕು.